ತುಂಬದ ಪಿಟ್ಟಿನವರಿಗೆ ಒಂದು ಎಡೆ

ಸೆಪ್ಟೆಂಬರ್ ಮೂವತ್ತೊಂದು, ಇಸವಿ 2171. ಹಿರೇರ ಹಬ್ಬ, ಬೆಳಿಗ್ಗೆ.

ತಾತಂದಿರೇ, ಅಜ್ಜಿಯರೇ,

ತಾರೀಕು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಸೆಪ್ಟೆಂಬರು ಮೂವತ್ತಕ್ಕೇ ಮುಗಿದು ಹೋಗ್ತಿತ್ತಂತೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು, ಅದರಲ್ಲಿ ಇದಕ್ಕೆ ಒಂದು ದಿನ ಜಾಸ್ತಿ ಸಿಕ್ಬಿಡ್ತು. ಯಾಕೆ ಅಂತ ನನ್ನ ಕೇಳಬೇಡಿ. ನಾನು ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಬೆಂಚಿನ ಮೇಲೆ ನಿಂತೇ ಕಳೆದೆ. ನನ್ನ ಮಾತಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದ್ರೆ ಮುನಿಸ್ಕೋಬೇಡಿ, ಬಂದಲ್ಲೇ ಬಿಡಿಸಿ ಹೇಳ್ತೀನಿ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇನ್ನೂ ಮದುವೇನೇ ಆಗಿಲ್ದೆ ಇರಬಹುದು, ನಾನು ತಾತ ಅಂತಿದ್ದೀನಿ, ಅದನ್ನೂ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಹೆಸರು ಚೆಲುವಾಜಮ್ಮ. ಚೆಲುವು ಹೆಸರಲ್ಲಿ ಮಾತ್ರ ಇದೆ, ಹುಡುಕೋಕೆ ಹೋಗಬೇಡಿ. ವಯಸ್ಸು ಐವತ್ತರ ಹತ್ತಿರ. ಮರ ತಿರುಗಿಸಿ ಗೊಂಬೆ ಕಡೆಯೋದು ಕಸುಬು. ಊರಿನ ಹೆಸರು ಹೇಳಲ್ಲ, ಹೇಳಿದ್ರೆ ಈಗಲೇ ಬಂದು ಸೈಟು ಹಿಡೀತೀರ. ಹಿರೇರ ಹಬ್ಬದಲ್ಲಿ ಹಿರೇರಿಗೆ ಎಡೆ ಇಡೋದು ನೀವೂ ಮಾಡ್ತಿದ್ದಿರಲ್ಲ, ಹೊಸ ಬಟ್ಟೆ, ವಡೆ, ಪಾಯಸ, ಸತ್ತೋರಿಗೆ ಇಷ್ಟವಾಗಿದ್ದೆಲ್ಲ. ನಮ್ಮ ಬೀದೀಲಿ ಅದರ ಜೊತೆಗೆ ಒಂದು ಕಾಗದಾನೂ ಇಡ್ತೀವಿ. ಪ್ರತಿ ವರ್ಷ ನಾನು ಬರೀತಿದ್ದಿದ್ದು ಬರೀ ತಮಾಷೆ. ಹೋದ ವರ್ಷ ನಮ್ಮನೆಯವರ ಗೊರಕೆ ಬಗ್ಗೆ ಎರಡು ಪುಟ ಬರೆದಿದ್ದೆ. ಈ ಸಲ ನಗು ಬರ್ತಿಲ್ಲ. ಎಲೆ ಹಾಕಿದೀನಿ, ಒಲೆ ಮೇಲೆ ಪಾಯಸ ಕುದೀತಿದೆ, ಕಿವಿ ಮಾತ್ರ ಬೀದಿ ಕಡೆಗಿದೆ.

ಯಾಕೆ ಅಂದ್ರೆ ನನ್ನ ಮೊಮ್ಮಗಳನ್ನ ಇವತ್ತು ಆಸ್ಪತ್ರೆಯಿಂದ ಬಿಡ್ತಾರೆ. ಗಾಡಿ ನಮ್ಮನೆ ಮುಂದೆ ನಿಲ್ಲುತ್ತೋ, ಹಂಗೇ ಬೀಗರ ಊರಿಗೆ ಹೋಗುತ್ತೋ ಗೊತ್ತಿಲ್ಲ. ಅದನ್ನ ತೀರ್ಮಾನ ಮಾಡೋಳು ನನ್ನ ಮಗಳು ಇಂಪನ. ಅವಳು ಮೂರು ದಿನದಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ.

ಮೊದಲಿಂದ ಹೇಳ್ತೀನಿ. ನಮ್ಮ ಬೀದೀಲಿ ಮನೆಗೊಂದು ಬಾವಿ ಇದೆ. ಎಲ್ಲಾ ಬಾವಿ ಕಟ್ಟೆ ಮೇಲೂ ಒಂದು ನೀಲಿ ಪಟ್ಟೆ ಬಳಿದಿರ್ತಾರೆ, ಅದಕ್ಕೆ ಕೂಸುಗೆರೆ ಅಂತೀವಿ. ಗೆರೆ ಇದ್ರೆ ಆ ನೀರನ್ನ ದೊಡ್ಡೋರು ಕುಡೀಬಹುದು, ಬಟ್ಟೆ ಒಗೀಬಹುದು, ಕೂಸಿಗೆ ಮಾತ್ರ ಒಂದು ತೊಟ್ಟೂ ಕೊಡಬಾರದು. ನೀರಲ್ಲಿ ಮೂಕುಪ್ಪು ಇದೆ. ನೀವು ಅದಕ್ಕೆ ನೈಟ್ರೇಟು ಅಂತಿದ್ದಿರಂತೆ. ನಾವು ಮೂಕುಪ್ಪು ಅನ್ನೋದು ಯಾಕಂದ್ರೆ ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ, ತಾನಿದ್ದೀನಿ ಅಂತ ಯಾರಿಗೂ ಹೇಳಲ್ಲ. ಕೂಸಿರೋ ಮನೆಗೆ ದೂರದ ಕೆರೆಯಿಂದ ನೀರು ಬರುತ್ತೆ, ದಿನಕ್ಕೊಂದು ಗಡಿಗೆ. ಅದಕ್ಕೆ ಕೂಸಿನ ಗಡಿಗೆ ಅಂತೀವಿ. ಆ ನೀರಲ್ಲಿ ಬೇರೆ ಯಾರಾದ್ರೂ ಕೈ ತೊಳೆದ್ರೆ ಮನೇಲಿ ಯುದ್ಧ.

ಇಂಪನ ಬಾಣಂತನಕ್ಕೆ ಬಂದಳು. ಕೂಸು ಹುಟ್ಟಿತು, ಹೆಣ್ಣು, ಮೂಗು ನಮ್ಮನೆಯವರದ್ದು, ಪಾಪ. ಎದೆಹಾಲು ಸಾಲದೆ ಪುಡಿಹಾಲು ಬೆರೆಸಿ ಕೊಡ್ತಿದ್ವಿ. ಹೆಸರಿಡೋ ದಿನ ಹತ್ತಿರ ಬಂತು ಅಂತ ನಮ್ಮನೆಯವರಿಗೆ ಹುರುಪು ಹತ್ತಿತು. ಮನೆಗೆ ಸುಣ್ಣ ಬಳಿದರು, ಕಾಂಪೌಂಡಿಗೆ ಬಳಿದರು, ಡಬ್ಬದಲ್ಲಿ ಇನ್ನೂ ಮಿಕ್ಕಿದೆ ಅಂತ ಬಾವಿ ಕಟ್ಟೆಗೂ ಬಳಿದರು. ಮಲ್ಲಿಗೆ ಹೂವಿನಂಗೆ ಬೆಳ್ಳಗಾಯ್ತು ಕಟ್ಟೆ. ನಾನೂ ನೋಡಿ, "ನಿಮ್ಮ ತಲೇಗೂ ಒಂದು ಕೋಟು ಹೊಡ್ಕೊಳ್ಳಿ, ಬೋಳು ಕಾಣಲ್ಲ" ಅಂತ ರೇಗಿಸಿ ಒಳಗೆ ಹೋದೆ. ಗೆರೆ ಸುಣ್ಣದ ಅಡಿಗೆ ಹೋಯ್ತು ಅನ್ನೋದು ಯಾರಿಗೂ ಹೊಳೀಲಿಲ್ಲ. ನಮಗೆ ಅದು ಗೊತ್ತಿರೋ ವಿಷಯ, ಕಣ್ಣಲ್ಲಿ ನೋಡಬೇಕಾಗಿಲ್ಲ.

ಆದರೆ ಬೀಗಿತ್ತಿಗೆ ಗೊತ್ತಿರಲಿಲ್ಲ. ಅಳಿಯನ ತಾಯಿ, ಪಂಕಜಾಕ್ಷಮ್ಮ. ಗುಡ್ಡದ ಕಡೆಯೋರು, ಅಲ್ಲಿ ಝರಿ ನೀರು, ಈ ಗೆರೆ ಗಿರೆ ಏನೂ ಇಲ್ಲ. ಕಟ್ಟೆ ಮೇಲೆ ಗೆರೆ ಕಂಡಿದ್ರೆ ಇದೇನು ಅಂತಾದ್ರೂ ಕೇಳಿರೋರು. ಬಂಗಾರದಂಥ ಹೆಂಗಸು. ಬಂದ ದಿನಾನೇ ಗಡಿಗೆ ಮುಚ್ಚಳ ತೆಗೆದು ನೋಡಿ ನನಗೆ ಹೇಳಿದ್ರು, "ಏನ್ರೀ ಬೀಗಿತ್ತಿ, ನಿನ್ನೆ ನಿಂತ ನೀರು ಮೊಮ್ಮಗಳಿಗೆ ಕುಡಿಸ್ತೀರಲ್ಲ, ಎದುರಿಗೇ ಬಾವಿ ಇಟ್ಕೊಂಡು?"

"ಅದು ಕೂಸಿನ ಗಡಿಗೆ ಕಣ್ರೀ, ಅದೇ ಕೊಡಬೇಕು" ಅಂದೆ.

"ಆಯ್ತು ಬಿಡಿ, ನಿಮ್ಮೂರು ನಿಮ್ಮ ಚೆಂದ" ಅಂದ್ರು. ನಗಾಡ್ಕೊಂಡು ಇಬ್ಬರೂ ಅವರೆಕಾಯಿ ಬಿಡಿಸೋಕೆ ಕೂತ್ವಿ. ಮುಗೀತು ಅಂದ್ಕೊಂಡೆ. ನಾನು ಗೊಂಬೆ ಶೆಡ್ಡಿಗೆ ಹೋದಮೇಲೆ ಆಯಮ್ಮ ಬಾವಿಯಿಂದ ಹೊಸ ನೀರು ಸೇದಿ, ಓಂಕಾಳು ಹಾಕಿ, ಒಂದು ಚೊಂಬು ಅರ್ಧ ಚೊಂಬು ಆಗೋವರೆಗೂ ಇಂಗಿಸಿ, ಬಟ್ಟೇಲಿ ಸೋಸಿ, ಅದರಲ್ಲೇ ಪುಡಿಹಾಲು ಕಲಸಿ ಕೊಡ್ತಿದ್ರಂತೆ. ಬಾಣಂತಿ ಮನೇಲಿ ಅದೇ ಅಲ್ವಾ ಪದ್ಧತಿ? ಎಷ್ಟು ಇಂಗಿಸಿದ್ರೆ ಅಷ್ಟು ಒಳ್ಳೇದು ಅಂತ ನಮ್ಮವ್ವಾನೂ ಹೇಳ್ತಿದ್ಲು. ಕುದಿಸಿದ್ರೆ ಹುಳ ಸಾಯುತ್ತೆ, ನಿಜ. ಮೂಕುಪ್ಪು ಸಾಯಲ್ಲ. ಸಾರು ಇಂಗಿದ್ರೆ ಉಪ್ಪು ಜಾಸ್ತಿ ಆಗಲ್ವಾ, ಹಂಗೆ. ಅರ್ಧ ನೀರು ಆವಿಯಾಗಿ ಹೋಯ್ತು, ಉಪ್ಪು ಪೂರ್ತಿ ಕೂಸಿಗೆ ಉಳೀತು. ಪ್ರೀತಿ ಜಾಸ್ತಿ ಆದಷ್ಟೂ ವಿಷ ಗಟ್ಟಿ ಆಯ್ತು.

ವಾರ ಕಳೀತು. ಒಂದು ಮಧ್ಯಾಹ್ನ ಇಂಪನ ಕೂಸನ್ನ ಎತ್ಕೊಂಡು ಶೆಡ್ಡಿಗೆ ಓಡಿ ಬಂದಳು. "ಅವ್ವ, ಪಾಪು ತುಟಿ ನೋಡವ್ವ, ನೇರಳೆ ಹಣ್ಣು ತಿಂದಂಗಿದೆ!"

"ಚಳಿ ಹಿಡಿದಿರಬೇಕು, ಕಂಬಳಿ ಹೊದಿಸಿ" ಅಂತ ಬೀಗಿತ್ತಿ ಒಳಗಿಂದ ಕೂಗಿದ್ರು. ಬಿಸಿಲು ನೆತ್ತಿ ಮೇಲಿತ್ತು. ನಾನು ಕೂಸಿನ ಉಗುರು ನೋಡಿದೆ. ಉಗುರೂ ಅದೇ ಬಣ್ಣ. ಅಳೋಕೂ ಶಕ್ತಿ ಇಲ್ದೆ ಬಾಯಿ ಮಾತ್ರ ತೆಗೀತಿತ್ತು. ಆಮೇಲೆ ಯಾರು ಗಾಡಿ ತಂದ್ರು, ನಾನು ಯಾವ ಚಪ್ಪಲಿ ಹಾಕ್ಕೊಂಡೆ, ಒಂದೂ ನೆನಪಿಲ್ಲ.

ಆಸ್ಪತ್ರೇಲಿ ಕೂಸಿನ ರಕ್ತ ತೆಗೆದ್ರು. ಕಾಫಿ ಡಿಕಾಕ್ಷನ್ ಥರ ಇತ್ತು ಕಣ್ರಪ್ಪ. ಮೂಕುಪ್ಪು ರಕ್ತಕ್ಕೆ ಸೇರಿದ್ರೆ ಅದು ಉಸಿರು ಹೊರೋದನ್ನ ಬಿಟ್ಬಿಡುತ್ತಂತೆ. ಡಾಕ್ಟರಮ್ಮ ಒಂದು ಸೂಜಿಮದ್ದು ತಂದರು, ಅದೂ ಕಡುನೀಲಿ. "ನೀಲಿ ಆದ ಕೂಸಿಗೆ ನೀಲೀನೇ ಚುಚ್ತೀರಾ ತಾಯಿ?" ಅಂದೆ. "ಸುಮ್ನೆ ಕೂತ್ಕೊಳಮ್ಮ" ಅಂದ್ರು. ಕೂತೆ. ನನ್ನ ಕಣ್ಣ ಮುಂದೇನೇ ತುಟಿಗೆ ಕೆಂಪು ಬಂತು. ಸಾಯಂಕಾಲದ ಹೊತ್ತಿಗೆ ಕೂಸು ನನ್ನ ಮಡಿಲಲ್ಲಿ ಹಸಿರು ಉಚ್ಚೆ ಹುಯ್ತು, ಆ ಮದ್ದು ಹಂಗೇ ಆಚೆಗೆ ಹೋಗೋದಂತೆ. ನಾನು ಆಗ ನಕ್ಕಿದ್ದು, ಅತ್ತಿದ್ದು ಎರಡೂ ಒಂದೇ ಸಲ.

ಡಾಕ್ಟರಮ್ಮ ಇಂಪನನ್ನ ಕರೆದು ಹೇಳಿದ್ರು, "ಜೀವ ಉಳೀತು. ಎಲ್ಲಿ ಸಾಕ್ತೀಯ ಅನ್ನೋದು ನಿನ್ನಿಷ್ಟ. ಅದೇ ಬಾವಿ ಮನೆಗೆ ಹೋಗ್ತೀಯಾದ್ರೆ ಒಂದು ಲೋಟ ತಪ್ಪಿದ್ರೂ ಮತ್ತೆ ಇಲ್ಲಿಗೇ ಬರ್ತೀಯ." ಇಂಪನ ನನ್ನ ಮುಖ ನೋಡಿದಳು. ಬೀಗಿತ್ತಿ ವಾರ್ಡಿನ ಆಚೆ ಗೋಡೆಗೊರಗಿ ಕೂತೋರು ಊಟ ಮುಟ್ಟಲಿಲ್ಲ. "ನನ್ನ ಕೈಯಾರೆ ಕುದಿಸಿದೆ ಬೀಗಿತ್ತಿ" ಅನ್ನೋದೊಂದೇ ಮಾತು. "ಬಳಿದೋರು ನಮ್ಮ ಯಜಮಾನ್ರು, ಕುದಿಸಿದೋರು ನೀವು, ರೇಗಿಸ್ಕೊಂಡು ಒಳಗೆ ಹೋದೋಳು ನಾನು. ಮೂರೂ ಜನ ಸೇರಿ ಉಪ್ಪಿಟ್ಟು ತಿನ್ನೋಣ ಬನ್ನಿ" ಅಂತ ಎಳೆದೆ. ಎರಡು ತುತ್ತು ತಿಂದ್ರು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ.

ಬಾವಿ ನೀರನ್ನ ತಗೊಂಡು ಹೋಗಿ ಜಾತಕ ಬರೆಸಿದ್ವಿ. ನೀರಿಗೂ ಜಾತಕ ಬರೀತಾರೆ ಈಗ, ಯಾವ ಕಾಲದ್ದು, ಏನೇನು ಹೊತ್ಕೊಂಡು ಬಂತು ಅಂತ ಹೇಳ್ತಾರೆ. ಜಾತಕ ಬರೆದ ಹುಡುಗಿ ಹೇಳಿದ್ಲು, "ಅಮ್ಮ, ಇದರಲ್ಲಿರೋ ಉಪ್ಪು ನಿಮ್ಮದಲ್ಲ. ನೂರೈವತ್ತು ವರ್ಷದ ಹಿಂದೆ ಈ ಬೀದೀಲಿದ್ದೋರದ್ದು. ಬಂಡೆ ಸೀಳಲ್ಲಿ ಸಿಕ್ಕೊಂಡು ಈಗ ಇಳೀತಿದೆ."

ಆಗ ನನಗೆ ನೆನಪಾಯ್ತು. ಪ್ರತಿ ಹಬ್ಬದಲ್ಲೂ ಎಡೆ ಮುಂದೆ ಕೂತು ನಿಮ್ಮ ಹೆಚ್ಚುಗಾರಿಕೆ ಹೇಳ್ತೀವಿ. ಒಬ್ಬ ತಾತ ಕುಸ್ತಿ ಗೆದ್ದಿದ್ದು, ಒಬ್ಬ ಅಜ್ಜಿ ಹಾಡು ಹೇಳ್ತಿದ್ದಿದ್ದು. ಅದರ ಜೊತೆ ಇನ್ನೊಂದು, ಈ ಮನೆ ಕಟ್ಟಿಸಿದ ತಾತನ ಕಕ್ಕಸಿನ ಪಿಟ್ಟು ಅವರು ಬದುಕಿರೋವರೆಗೂ ಒಂದ್ಸಲಾನೂ ತುಂಬಲಿಲ್ಲ, ಖಾಲಿ ಮಾಡೋ ಗಾಡಿ ಕರೆಸಲೇ ಇಲ್ಲ, ಅಂಥಾ ಪುಣ್ಯವಂತರು ಅಂತ. ನಾನೇ ನನ್ನ ಬಾಯಾರೆ ಎಷ್ಟು ವರ್ಷ ಹೇಳಿದೀನಿ! ತುಂಬಲಿಲ್ಲ ಅಂದ್ರೆ ಅದು ಹೋಗಿದ್ದು ಎಲ್ಲಿಗೆ ತಾತ? ಸಿಮೆಂಟು ರಿಂಗು ಇಳಿಸಿ ತಳ ಹಾಗೇ ಬಿಟ್ಟಿದ್ರಿ, ಎಲ್ಲ ನೆಲಕ್ಕಿಳಿದು ಮಣ್ಣಲ್ಲಿ ಮೂಕುಪ್ಪಾಯ್ತು. ಮೇಲೆ ಚಪ್ಪಡಿ ಮುಚ್ಚಿ, ಅದರ ಮೇಲೆ ತುಳಸಿ ಕಟ್ಟೆ ಬೇರೆ. ಎದುರು ಮನೆಯೋನಿಗೆ, "ನಿಮ್ಮದು ತುಂಬ್ತಾ? ನಮ್ಮದು ನೋಡಿ, ಸಮುದ್ರ!" ಅಂದಿರ್ತೀರ. ನೀವು ಬಿಟ್ಟು ಹೋಗಿದ್ದರಲ್ಲಿ ಒಡವೆ ಕರಗಿತು, ಜಮೀನು ಹಂಚಿ ಹೋಯ್ತು. ಇದೊಂದು ಮಾತ್ರ ಒಂದು ಚೂರೂ ಕಮ್ಮಿ ಆಗದಂಗೆ ನಮ್ಮ ಕೈ ಸೇರಿದೆ.

ಬೈತಿಲ್ಲ. ಒಂದು ಕೆಲಸ ಹೇಳ್ತೀನಿ, ಮಾಡ್ತೀರಾ? ನಮ್ಮ ಹಿತ್ತಲಲ್ಲಿ ಒಂದು ಪುಡಿಹಾಸು ಇದೆ, ಅಂದ್ರೆ ಕಕ್ಕಸು ನೀರಿನ ಮೂಕುಪ್ಪು ತಿನ್ನೋ ಹಾಸಿಗೆ, ನಮ್ಮಜ್ಜಿ ಕಾಲದಲ್ಲಿ ಬೀದಿಯೋರೆಲ್ಲ ಸೇರಿ ಮಾಡಿದ್ದು. ಮೊದಲು ಆ ಪಿಟ್ಟಿಗೆ ತಳ ಹಾಕಿ ಟ್ಯಾಂಕು ಮಾಡಿ, ಗಟ್ಟಿ ಅದರಲ್ಲೇ ಕೂತ್ಕೊಳ್ಳಲಿ, ಕೆಲವು ವರ್ಷಕ್ಕೊಂದ್ಸಲ ಗಾಡಿ ಕರೆಸಿ ತೆಗೆಸಿ, ನಾಚ್ಕೋಬೇಡಿ. ಟ್ಯಾಂಕಿಂದ ಆಚೆ ಬರೋ ನೀರನ್ನ ಮಂಚದಗಲದ ಮರಳಿನ ಹಾಸಿಗೆ ಮೇಲೆ ಹರಡಿ. ಮೊಣಕಾಲುದ್ದ ಬರೀ ಮರಳು. ಅಲ್ಲಿ ಗಾಳಿ ಆಡುತ್ತೆ, ಕಣ್ಣಿಗೆ ಕಾಣದ ಹುಳ ಆ ನಾತಾನೆಲ್ಲ ಮೂಕುಪ್ಪು ಮಾಡುತ್ತೆ. ಅದರ ಕೆಳಗೆ ಇನ್ನೊಂದು ಮೊಣಕಾಲುದ್ದ ಮರಳಿಗೆ ಮರದ ಪುಡಿ ಬೆರೆಸಿ ತುಂಬಿ, ತಳಕ್ಕೆ ಪ್ಲಾಸ್ಟಿಕ್ ಶೀಟು ಹಾಸಿ, ನೀರು ಹೋಗೋ ಪೈಪನ್ನ ಎತ್ತರಕ್ಕಿಡಿ, ಪುಡಿ ಯಾವಾಗಲೂ ನೆನೆದಿರಬೇಕು. ಅಲ್ಲಿ ಗಾಳಿ ಇಲ್ಲ. ಅಲ್ಲಿರೋ ಹುಳಗಳು ಮರದ ಪುಡಿ ತಿಂತಾ, ಉಸಿರಿಗೆ ಗಾಳಿ ಸಿಗದೆ ಮೂಕುಪ್ಪಿನಿಂದ ಉಸಿರು ಕಿತ್ಕೊಳ್ತವೆ. ಮಿಕ್ಕಿದ್ದು ಬರೀ ಗಾಳಿಯಾಗಿ ಆಕಾಶಕ್ಕೆ ಹೋಗುತ್ತೆ. ಮೋಟ್ರು ಇಲ್ಲ, ಕರೆಂಟು ಇಲ್ಲ. ನಮ್ಮನೆಯವರ ಥರಾನೇ, ಕೂತಲ್ಲೇ ಕೂತು ತಿನ್ನೋದು, ಆದರೆ ಇದು ಕೆಲಸ ಮಾಡುತ್ತೆ. ಗೊಂಬೆ ಕಡೆಯೋರ ಹತ್ರ ಪುಡಿ ಕೇಳಿ, ಅರಗು ಬಣ್ಣ ಹಚ್ಚೋಕೆ ಮುಂಚಿನದ್ದು. ಚೀಲಗಟ್ಟಲೆ ಸುಮ್ನೆ ಸುಡ್ತಿರ್ತಾರೆ. ಪುಡೀನ ಮೇಲೆ, ಮರಳನ್ನ ಕೆಳಗೆ ಮಾತ್ರ ಹಾಕಬೇಡಿ, ತಲೆಕೆಳಗಾದ್ರೆ ಒಂದೂ ನಡೆಯಲ್ಲ.

ನಮ್ಮ ಪುಡಿಹಾಸು ಚೆನ್ನಾಗೇ ನಡೀತಿದೆ. ಆದರೆ ಅದು ತಿನ್ನೋದು ನಮ್ಮದನ್ನ ಮಾತ್ರ. ನಿಮ್ಮದು ಅದಕ್ಕೂ ಮುಂಚೆ ಕೆಳಗಿಳಿದಿತ್ತು. ನಾವು ಎಷ್ಟು ಚೊಕ್ಕ ಇದ್ರೂ ನೀವು ಇಳೀತಾನೇ ಇರ್ತೀರ.

ಗಾಡಿ ಸದ್ದು. ತಡೀರಿ.

*

ಬಂದ್ರು. ನಿಂತ್ರು. ಇಂಪನ ಇಳೀಲಿಲ್ಲ. ಕಿಟಕಿ ಇಳಿಸಿ ಕೂಸನ್ನ ಎತ್ತಿ ತೋರಿಸಿದಳು. ತುಟಿ ಕೆಂಪಗಿತ್ತು, ಆಕಳಿಸ್ತು.

"ಇಳಿಯಲ್ಲ ಕಣವ್ವ. ಬೈಕೋಬೇಡ. ಪಾಪುಗೆ ಈ ಬಾವಿ ನೀರು ಕುಡಿಯೋ ವಯಸ್ಸು ಬರಲಿ, ಆಮೇಲೆ ಬರ್ತೀನಿ."

"ಹೆಸರು ಇಡೋದು?"

"ಅಲ್ಲೇ ಇಡ್ತೀವಿ. ನೀನು ಬಾ."

"ನಾನು ಬರದೆ ಇದ್ರೆ ನಿಮ್ಮತ್ತೆ ನನ್ನ ಹೆಸರೇ ಇಟ್ಬಿಡ್ತಾರೆ, ಚೆಲುವಾಜಮ್ಮ ಅಂತ. ಪಾಪದ ಕೂಸು" ಅಂದೆ. ಗಾಡೀಲಿ ಪಕ್ಕದಲ್ಲಿ ಕೂತಿದ್ದ ಬೀಗಿತ್ತಿ ಕಣ್ಣೊರೆಸ್ಕೊಂಡು ನಕ್ಕರು. ಇಂಪನ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದಳು. ಗಾಡಿ ಹೋಯ್ತು. ನಮ್ಮನೆಯವರು ನೀಲಿ ಬಣ್ಣದ ಡಬ್ಬ ತಗೊಂಡು ಬಾವಿ ಕಡೆ ಹೋದರು. ಗೆರೆ ಬಳೀತಿದ್ದಾರೆ, ಸೊಟ್ಟ ಆಗ್ತಿದೆ. ನಾನು ರೇಗಿಸಲಿಲ್ಲ.

ಎಡೆ ಇಟ್ಟಿದೀನಿ. ವಡೆ, ಪಾಯಸ, ಅವರೆಕಾಳು ಸಾರು. ಎಲೆ ಪಕ್ಕ ಒಂದು ಲೋಟ ನೀರಿಡಬೇಕಲ್ಲ, ನಿಮ್ಮ ಗಂಟಲಿಗೆ ಹಿಡೀಬಾರದು ಅಂತ. ನಿಜ ಹೇಳ್ತೀನಿ, ಬೆಳಿಗ್ಗೆ ಬಾವಿ ನೀರು ಸೇದಿ, ಅರ್ಧಕ್ಕೆ ಇಂಗಿಸಿ ಇಟ್ಟಿದ್ದೆ. ನಿಮ್ಮದೇ ಅಲ್ವಾ, ನೀವೇ ಕುಡೀರಿ ಅಂತ. ಈಗ ಕೈ ಬರಲಿಲ್ಲ. ನೀವೂ ಯಾವುದೋ ಅವ್ವನ ಕೂಸುಗಳೇ. ಅದನ್ನ ಚೆಲ್ಲಿದೆ.

ಕೂಸಿನ ಗಡಿಗೆ ಇವತ್ತೂ ಬಂದಿದೆ, ಬಾಯಿವರೆಗೂ ತುಂಬಿದೆ, ಕುಡಿಯೋರು ಮನೇಲಿಲ್ಲ. ಅದರಲ್ಲೇ ಒಂದು ಲೋಟ ನಿಮಗಿಟ್ಟಿದೀನಿ. ಕುಡಿದು, ಎದ್ದು ಹಿತ್ತಲಿಗೆ ಹೋಗಿ, ತುಳಸಿ ಕಟ್ಟೆ ಸರಿಸಿ, ಆ ಚಪ್ಪಡಿ ಒಂದ್ಸಲ ಎತ್ತಿ ನೋಡಿ.

ಒಳಗೆ ಖಾಲಿ ಇದ್ರೆ ಖುಷಿ ಪಡಬೇಡಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಚೆಲುವಾಜಮ್ಮ