ಎಲ್ಲರಿಗೂ ಹೋದ ಮೇಲ್

ಹೊಳೆನರಸೀಪುರ
೧೪ ಡಿಸೆಂಬರ್ ೨೦೦೭

ಪ್ರೀತಿಯ ಗೌರಿ,

'ಪ್ರೀತಿಯ' ಎನ್ನುವುದು ಅಭ್ಯಾಸಬಲದಿಂದ ಬಂತು, ಇರಲಿ. ಎರಡು ಬೀದಿ ಆಚೆ ಇದ್ದರೂ ಅಂಚೆಗೆ ಹಾಕುತ್ತಿದ್ದೇನೆ. ಮೇಲ್ ಯಾರ ಯಾರ ಕೈ ಸೇರುತ್ತದೆಂದು ನಿನಗೀಗ ಗೊತ್ತಲ್ಲ.

ಆಗಸ್ಟಿನಲ್ಲಿ ನಾವಿಬ್ಬರೂ ಸೇರಿ ಕಾಲೇಜಿನಲ್ಲಿ ಈ ಕೋರ್ಸ್ ಶುರುಮಾಡಿದೆವು. ನಮ್ಮ ಆರು ಹುಡುಗರು, ಜರ್ಮನಿಯ ಕಾಲೇಜೊಂದರ ಆರು ಮಂದಿ, ಎರಡೂ ಕಡೆಯವರು ಕೂಡಿ ಮಾಡಬೇಕಾದ ಒಂದೇ ಸಾಫ್ಟ್‌ವೇರ್: ಬಸ್ಸಿನ ವೇಳಾಪಟ್ಟಿ. ಫೋನಿನಲ್ಲಿ ಅವರು ಏನಂದರೂ ನಮ್ಮವರದು 'ಯೆಸ್'. ಎರಡು ತಿಂಗಳಾದ ಮೇಲೆ ನೋಡಿದರೆ, ಪಾಸ್‌ವರ್ಡ್ ಕೇಳುವ ಪುಟವನ್ನು ಎರಡೂ ಕಡೆ ಮಾಡಿದ್ದಾರೆ, ಬಸ್ಸು ಹುಡುಕುವುದನ್ನು ಯಾರೂ ಮಾಡಿಲ್ಲ. ಬಾಗಿಲು ಎರಡು, ಮನೆಯೇ ಇಲ್ಲ. ಅರಕಲಗೂಡಿನ ಪಾಲಾಕ್ಷನನ್ನು ಕೇಳಿದರೆ, "ತಿಳೀನಿಲ್ಲ ಅಂದ್ರೆ ನಗಾಡ್ತಾರೆ ಮೇಡಂ, ಅದ್ಕೇ ಹೂಂ ಅಂದ್ಬುಟ್ಟೆ" ಅಂದ.

ಆಗ ನಾನು ಗೋಡೆಗೆ ಅಂಟಿಸಿದೆ: 'ತಿಳಿದದ್ದು ಮಾಡಿ, ತಿಳಿಯದ್ದು ಕೇಳಿ, ಕೇಳಿದ್ದನ್ನು ಎಲ್ಲರಿಗೂ ಹೇಳಿ.' ಪ್ರಾಸಕ್ಕೆ ನೀನು ನಕ್ಕೆ. ಹುಡುಗರು ಬಾಯಿಬಿಟ್ಟು ಕೇಳತೊಡಗಿದರು, ಕೆಲಸ ದಾರಿಗೆ ಬಂತು.

ಸೋಮವಾರ ನಮ್ಮ ಹೆಚ್.ಓ.ಡಿ. ತಿರುನಾರಾಯಣ ಸರ್‌ಗೆ ನೀನು ಬರೆದ ಮೇಲ್ ಅವಸರದಲ್ಲಿ ಜರ್ಮನಿಯವರೂ ಇರುವ ತಂಡದ ವಿಳಾಸಕ್ಕೂ ಹೋಯಿತು. ಅಕ್ಷರ ಇಂಗ್ಲಿಷು, ಮಾತು ಕನ್ನಡ: "ಯಶೋಧರಾ ಕನ್ನಡ ಮೀಡಿಯಂ ಸರ್. ತನಗೆ ಇಂಗ್ಲಿಷ್ ಬರಲ್ಲ, ಅದಕ್ಕೆ ಹುಡುಗರ ಕೈಲೂ ತಿಳೀಲಿಲ್ಲ ಅನ್ನಿಸ್ತಾಳೆ. ಕಾಲೇಜಿನ ಮಾನ ಹೋಗ್ತಿದೆ. ಮುಂದಿನ ವರ್ಷ ಕೋರ್ಸ್ ನಂಗೇ ಕೊಟ್ಬಿಡಿ." ದಿನವೆಲ್ಲ ಇಂಗ್ಲಿಷ್ ಆಡುವ ನಿನಗೂ ಚಾಡಿಗೆ ಕನ್ನಡವೇ ಬೇಕಾಯಿತು. ತಾಯ್ನುಡಿಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತು.

ಹದಿನೆಂಟು ವರ್ಷ ಹಾಸನದ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ನನ್ನ ಇಂಗ್ಲಿಷ್ ತಿದ್ದಿದವಳು ನೀನು. ತಿದ್ದುತ್ತಿದ್ದೀಯೆ ಎಂದುಕೊಂಡಿದ್ದೆ; ನೀನು ತಪ್ಪುಗಳನ್ನು ಎಣಿಸುತ್ತಿದ್ದೆ.

ಇವತ್ತು ಸರ್ ಕರೆದು, "ಮುಂದಿನ ವರ್ಷ ನೀವು ಲ್ಯಾಬ್ ನೋಡ್ಕೊಳ್ಳಿಯಮ್ಮ" ಅಂದರು. ಅಭಿನಂದನೆ. ಕೋರ್ಸನ್ನು ನನ್ನನ್ನೇ ಕೇಳಿದ್ದರೆ ಕೊಡುತ್ತಿರಲಿಲ್ಲ, ಜಗಳ ಆಡುತ್ತಿದ್ದೆ. ಜಗಳಕ್ಕೂ ನಾನು ಲಾಯಕ್ಕಲ್ಲವೇನೇ?

ನಾಳೆಯಿಂದ ಮುಂದಿನ ಬಸ್ಸಿಗೆ ಬರುವ
ಯಶೋಧರಾ

ತಾ.ಕ.: ನಿನ್ನ ಮೇಲ್ ಓದಲಾಗದ ಜರ್ಮನಿಯ ಹುಡುಗಿಯೊಬ್ಬಳು ನಿಯಮದಂತೆ ಎಲ್ಲರಿಗೂ ಬರೆದು ಕೇಳಿದಳು: ತಿಳಿಯಲಿಲ್ಲ, ವಿವರಿಸಿ. ನಮ್ಮ ಆರೂ ಹುಡುಗರು ನನ್ನ ಮುಖ ನೋಡಿದರು. 'ರಜೆಯ ವಿಚಾರ, ನಿಮಗೆ ಸಂಬಂಧವಿಲ್ಲ' ಎಂದು ನಾನೇ ಉತ್ತರ ಬರೆದೆ. ನಿನ್ನ ಮಾನ ಉಳಿಯಿತು. ಹಿಂದೆ ನಿಂತು ನನ್ನ ಉತ್ತರ ಓದಿದ ಪಾಲಾಕ್ಷ ಮೆಲ್ಲಗೆ, "ಇನ್ಮೇಲೆ ನಾವೂ ಇಂಗೇ ಬರಿಯಾದಾ ಮೇಡಂ?" ಅಂದ. ಅದನ್ನೆಲ್ಲ ಕೇಳಬೇಡ, ಹೋಗಿ ಕೂತ್ಕೋ ಎಂದು ಗದರಿಬಿಟ್ಟೆ.