ಗೋಡೆಯಾಚೆಯ ಅಕ್ಕನಿಗೆ

ನಾನು ಕಾಣದೇ ಹೋದ ಅಕ್ಕಾ,

ಐವತ್ತಮೂರು ವರ್ಷದಿಂದ ನಾನು ನಿನ್ನ ತಂಗಿ. ಅದು ನನಗೆ ಗೊತ್ತಾದದ್ದು ಮಾತ್ರ ಕಳೆದ ಗುರುವಾರ ಬೆಳಿಗ್ಗೆ, ಅಮ್ಮನ ತಲೆ ಬಾಚುತ್ತಿದ್ದಾಗ.

ನಮ್ಮ ಚರ್ಚಿನ ಸಮಾಧಿಭೂಮಿಗೆ ಈ ವರ್ಷ ಇನ್ನೂರು ತುಂಬಿತು. ಅಲ್ಲಿ ಮಣ್ಣಾದವರೆಲ್ಲರ ಹೆಸರನ್ನು ಕಲ್ಲಿನಲ್ಲಿ ಕೊರೆಸಿ ಭಾನುವಾರ ಪೂಜೆ ಅರ್ಪಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ಚರ್ಚಿನ ಕಚೇರಿಯ ಗುಮಾಸ್ತೆಯಾದ ನಾನು ಮೂರು ತಿಂಗಳು ಗೆದ್ದಲು ತಿಂದ ರಿಜಿಸ್ಟರುಗಳನ್ನು ತಿರುವಿ ಎರಡು ಸಾವಿರಕ್ಕೂ ಹೆಚ್ಚು ಹೆಸರು ಬರೆದುಕೊಂಡಿದ್ದೆ. ಒಂದೂ ಬಿಟ್ಟಿಲ್ಲವೆಂದು ಬೀಗುತ್ತಿದ್ದೆ. ಅಂದು ಮಾತಿನ ನಡುವೆ ಅಮ್ಮನಿಗೆ ಹೇಳಿದೆ: "ಇವತ್ತು ಸಮಾಧಿಭೂಮಿ ಹಿಂದಿನ ಗೋಡೆಯಾಚೆ ಮಣ್ಣು ಅಗೆಯೋ ಯಂತ್ರ ಬರುತ್ತಮ್ಮ. ಬರೋರ ಕಾರು ನಿಲ್ಲಿಸೋಕೆ ಜಾಗ ಮಾಡ್ತಾರೆ."

ಅಮ್ಮ ಬಾಚಣಿಗೆ ಸಮೇತ ನನ್ನ ಕೈ ಹಿಡಿದುಕೊಂಡಳು. "ಅಲ್ಲಿ ಅಗೀಬಾರದು ಕಣೇ. ಅಲ್ಲಿ ನಿನ್ನ ಅಕ್ಕ ಇದಾಳೆ."

ನೀನು ಉಸಿರಿಲ್ಲದೆ ಹುಟ್ಟಿದೆಯಂತೆ. ತಲೆಗೆ ನೀರೆರೆದು ಜ್ಞಾನಸ್ನಾನವಾಗದ ಕೂಸಿಗೆ ಸಮಾಧಿಭೂಮಿಯ ಗೋಡೆಯೊಳಗೆ ಜಾಗವಿಲ್ಲ ಎಂದರಂತೆ ಆಗಿನ ಪಾದ್ರಿ. ಅಪ್ಪ ನಿನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಬರಿಗೈಯಲ್ಲಿ ಬಂದರಂತೆ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಅಪ್ಪ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತೀರಿಹೋದರು.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಓಡಿದೆ. ಯಂತ್ರ ಆಗಲೇ ಬೇಲಿ ಕಿತ್ತು ಪಕ್ಕಕ್ಕೆಸೆದಿತ್ತು. ಅದರ ಎದುರಿಗೆ ಹೋಗಿ ನಿಂತೆ ಅಕ್ಕಾ. ಚಾಲಕ ಕಿರುಚಿದ. "ಇಲ್ಲಿ ನನ್ನ ಅಕ್ಕ ಇದಾಳೆ" ಎಂದೆ, ಕದಲಲಿಲ್ಲ.

ಸಮಿತಿಯ ಅಧ್ಯಕ್ಷರು ಕೆಂಡವಾದರು. "ರಿಜಿಸ್ಟರೆಲ್ಲಾ ನೋಡಿದೋಳು ನೀನೇ ತಾನೆ? ಇಲ್ಲಿ ಹೂತಿದಾರೆ ಅಂತ ಅದರಲ್ಲಿ ಇದೆಯಾ, ಹೇಳು!"

ಇರಲಿಲ್ಲ. ವಯಸ್ಸಿನಲ್ಲಿ ನನ್ನ ಮಗನಂತಿರುವ ಈಗಿನ ಫಾದರ್ ಇಬ್ಬರ ಮುಖವನ್ನೂ ನೋಡಿ, "ಒಂದು ಗಂಟೆ ಕಾಯೋಣ. ಗೊತ್ತಿರೋರನ್ನ ಕರೆಸಿ" ಎಂದರು.

ಹಿಂದೆ ಗೋರಿ ತೋಡುತ್ತಿದ್ದ ಗುದ್ದಲಿಯಜ್ಜ ಇನ್ನೂ ಬದುಕಿದ್ದಾನೆ, ಕಣ್ಣು ಕಾಣದು. ಅವನ ಮಗಳು ಕೈಹಿಡಿದು ಕರೆತರುವಷ್ಟರಲ್ಲಿ ಗಂಟೆ ಮುಗಿಯುತ್ತಾ ಬಂದಿತ್ತು. ಚಾಲಕ ಯಂತ್ರ ನಿಲ್ಲಿಸಿರಲಿಲ್ಲ. ಅದು ಗುರುಗುಡುತ್ತಲೇ ಇತ್ತು. ಅಜ್ಜ ಗೋಡೆಗೆ ಬೆನ್ನು ಕೊಟ್ಟು, ಪಾದಕ್ಕೆ ಪಾದ ಹಚ್ಚಿ ಹೆಜ್ಜೆ ಎಣಿಸಿ ನಿಂತ. ಅಗೆದರು. ಬರೀ ಮಣ್ಣು. ಅಧ್ಯಕ್ಷರು ಚಾಲಕನಿಗೆ ಕೈಸನ್ನೆ ಮಾಡಿಯೇಬಿಟ್ಟರು.

"ತಡೀರಿ," ಅಜ್ಜ ಗೋಡೆ ಸವರುತ್ತಾ ಗದರಿದ. "ಗೋಡೆ ದಪ್ಪ ಮಾಡಿದೀರಿ ನೀವು. ಒಂದು ಹೆಜ್ಜೆ ಹಿಂದಕ್ಕೆ, ಗೋಡೆ ಕಡೆ ನೋಡಿ."

ಫಾದರ್ ತಾವೇ ಮೊಣಕಾಲೂರಿ ಕೈಯಲ್ಲಿ ಮಣ್ಣು ಸರಿಸಿದರು. ಗೇಣುದ್ದ ಕೆಳಗೆ ಒಂದು ಹೆಂಚು ಸಿಕ್ಕಿತು. ಮೆಲ್ಲಗೆ ಮಗುಚಿದರೆ ಅದರ ಕೆಳಮೈಯಲ್ಲಿ ಮೊಳೆಯಿಂದ ಗೀಚಿದ ಶಿಲುಬೆ.

"ಶಿಲುಬೆ ಇಡಬೇಡ ಅಂದಿದ್ರು," ಅಜ್ಜ ಹೇಳಿದ. "ಅದಕ್ಕೇ ಮಗೀನ ಕಡೆ ಮುಖ ಮಾಡಿ ಮುಚ್ಚಿದೆ. ಇಂಥ ಕೂಸು ಒಟ್ಟು ನಲವತ್ತೊಂದು ಇದಾವೆ ಸ್ವಾಮಿ."

ಯಾರೂ ಹೇಳದೆಯೇ ಚಾಲಕ ಯಂತ್ರ ನಿಲ್ಲಿಸಿ ಕೆಳಗಿಳಿದ. ಫಾದರ್ ಹೆಂಚನ್ನು ಇದ್ದ ಹಾಗೇ ಮುಚ್ಚಿ, ಅಲ್ಲೇ ನಿಂತು ಪ್ರಾರ್ಥನೆ ಹೇಳಿದರು. ಅಧ್ಯಕ್ಷರು ತಲೆಯೆತ್ತಲಿಲ್ಲ. ಶನಿವಾರ ಗಾರೆಯವರು ಬಂದು ಗೋಡೆ ಒಡೆದು, ನೀವಿರುವ ಜಾಗವನ್ನು ಸಮಾಧಿಭೂಮಿಗೆ ಸೇರಿಸಿದರು.

ಭಾನುವಾರ ಅಮ್ಮನನ್ನು ನಡೆಸಿಕೊಂಡು ಹೋದೆ. ಒಡೆದ ಗೋಡೆಯ ಬಳಿ ನಮ್ಮ ಎದುರುಮನೆಯ ಅತ್ತೆ ಹೂ ಹಿಡಿದು ನಿಂತಿದ್ದರು. ನಲವತ್ತು ವರ್ಷದಿಂದ ಇವರಿಬ್ಬರೂ ಸಂಜೆ ಒಂದೇ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವವರು.

"ನೀನ್ಯಾಕೆ ಇಲ್ಲಿ?" ಅಮ್ಮ ಕೇಳಿದಳು.

"ನಂದೂ ಒಂದು ಗಂಡುಕೂಸು ಇದೆ ಕಣೇ ಇಲ್ಲಿ."

"ಅಯ್ಯೋ, ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

"ನೀನು ಹೇಳಿದ್ಯಾ?"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅವರ ಹಿಂದೆ ಇನ್ನೂ ಒಂಬತ್ತು ಮುದುಕಿಯರು ಬರುತ್ತಿದ್ದರು, ಒಬ್ಬೊಬ್ಬರಾಗಿ, ಕೋಲೂರಿಕೊಂಡು.

ತಣ್ಣಗೆ ಮಲಗಿರು ಅಕ್ಕಾ. ದೇವರು ನಿಮ್ಮೆಲ್ಲರನ್ನೂ ಮಡಿಲಲ್ಲಿಟ್ಟುಕೊಳ್ಳಲಿ.

ನಿನ್ನ ಬೆನ್ನಿಗೆ ಬಿದ್ದ ತಂಗಿ