ಮಾವನವರ ಎಡಗೈ

ಜಕ್ಕಲಿ
ರವಿವಾರ, ಮಾರ್ಚ್ 9, 2025

ಪ್ರೀತಿಯ ಮೈದುನ ಗುರುಪಾದನಿಗೆ ನಿನ್ನ ವೈನಿಯ ತುಂಬುಮನಸ್ಸಿನ ಆಶೀರ್ವಾದ.

ಹೇಗಿದ್ದೀಯಪ್ಪಾ? ಕವಿತಾಳ ತಲೆನೋವು ಕಡಿಮೆಯಾಯಿತೇ? ನರಗುಂದದ ಬಿಸಿಲಿನಲ್ಲಿ ಗ್ಯಾರೇಜಿನ ಕೆಲಸ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾ ಕುಡಿದು ದಿನ ದೂಡುತ್ತೀಯೋ? ನೀನು ಫೋನ್ ಎತ್ತಿದ್ದರೆ ಇದನ್ನೆಲ್ಲ ಬರೆದು ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಎಂಥ ಹಟಮಾರಿಯೋ ನೀನು! ಅಪ್ಪನಿಗೆ ತಕ್ಕ ಮಗ.

ದೀಪಾವಳಿ ಆದ ಮೇಲೆ ಲಕ್ವಾ ಹೊಡೆದದ್ದು, ಮಾವನವರ ಬಲಗೈ ಬಲಗಾಲು ಇನ್ನೂ ಎದ್ದಿಲ್ಲ. ಮಾತೂ ಮರಳಿಲ್ಲ. ನಿಮ್ಮಣ್ಣ ಕಿವಿಯ ಹತ್ತಿರ ಬಗ್ಗಿ "ಚಾ ಬೇಕೇನಪಾ?" ಎಂದು ಕೂಗಿದರೆ ಗೋಣು ಹಾಕುತ್ತಾರೆ. "ಬ್ಯಾಡೇನು?" ಎಂದರೂ ಹಾಕುತ್ತಾರೆ. ಕೊನೆಗೆ ಆ ಚಹಾ ನಿಮ್ಮಣ್ಣನೇ ಕುಡಿಯುವುದು. ಆದರೆ ನಿನ್ನ ಹೆಸರು ಬಂದಾಗ ಮಾತ್ರ ಗೋಣು ಹಾಕುವುದಿಲ್ಲ. ಎಡಗೈ ಎತ್ತಿ ಬಾಗಿಲ ಕಡೆ ಬೀಸುತ್ತಾರೆ. ಲಕ್ಕಲಕಟ್ಟಿಯ ಹೆಣ್ಣಿನವರಿಗೆ ಅವರು ಮಾತು ಕೊಟ್ಟ ಮೇಲೆ ಆ ಸಂಬಂಧ ಒಲ್ಲೆನೆಂದು ನೀನು ಕವಿತಾಳನ್ನು ಕಟ್ಟಿಕೊಂಡು ಬಂದ ದಿನ "ನಡಿ ಹೊರಗ" ಎಂದು ಬೀಸಿದ್ದೂ ಇದೇ ಕೈ. ಹೀಗಾಗಿ ಅವರ ಸಿಟ್ಟು ಇನ್ನೂ ಇಳಿದಿಲ್ಲವೆಂದೇ ನಾವೆಲ್ಲ ತಿಳಿದೆವು.

ಹೋದ ತಿಂಗಳು ನಮ್ಮ ಪೂಜಾ ವಿಡಿಯೋ ಹಚ್ಚಿ ಫೋನನ್ನು ಅಜ್ಜನ ಮುಖದ ಹತ್ತಿರ ಹಿಡಿದಳಲ್ಲ, "ಅಪ್ಪಾ, ನಾ ಬರ್ಲೇನು?" ಎಂದು ನೀನು ಕೇಳಿದೆ. ಅವರು ನಿನ್ನಿಂದ ಕಣ್ಣು ಸರಿಸಿದರು. "ಹೋಗ್ಲಿ ಬಿಡ್ರಿ ವೈನಿ, ಅಪ್ಪಗ ನನ್ನ ಮಾರಿ ನೋಡಾಕ ಮನಸಿಲ್ಲ" ಎಂದು ಕಟ್ ಮಾಡಿದವನು ಇವತ್ತಿನವರೆಗೂ ಫೋನ್ ಎತ್ತಿಲ್ಲ. ಅವರು ಎಲ್ಲಿ ನೋಡಿದರು ಎಂಬುದು ಆ ಅಂಗೈಯಗಲದ ಗಾಜಿನಲ್ಲಿ ನಿನಗೆ ಹೇಗೆ ಕಾಣಬೇಕು? ಪಕ್ಕದಲ್ಲೇ ನಿಂತ ನನಗೇ ಕಾಣಲಿಲ್ಲ.

ನಮ್ಮ ಮನೆಯ ರೀತಿ ನಿನಗೆ ಗೊತ್ತಲ್ಲ. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮುಖ ನೋಡಿ ಮಾತಾಡಬಾರದು. ಮದುವೆಯಾಗಿ ಬಂದಾಗಿನಿಂದ ನಾನು ಬಾಗಿಲ ಮರೆಯಲ್ಲಿ ಬಳೆ ಸದ್ದು ಮಾಡಿಯೇ ಅವರನ್ನು ಊಟಕ್ಕೆ ಕರೆದವಳು. ಈಗ ನುಚ್ಚು ತಿನ್ನಿಸುವಾಗಲೂ ಸೆರಗು ಹೊದ್ದು, ಚಮಚ ಮತ್ತು ಬಾಯಿ ಇಷ್ಟನ್ನೇ ನೋಡುತ್ತಿದ್ದೆ. ಮೊನ್ನೆ ಸಂಜೆ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಅವರ ಗದ್ದ. ಸೆರಗು ಜಾರಿತು. ಎಳೆದುಕೊಳ್ಳಲು ಆಗದೆ ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಅಯ್ಯೋ ಶಿವನೇ, ನಾಚಿಕೆಯಿಂದ ಹಿಡಿಯಷ್ಟಾದೆ. ಆದರೂ ಯಾಕೋ ಕಣ್ಣು ತೆಗೆಯಲಿಲ್ಲ. ಅವರು ಬಾಗಿಲ ಕಡೆ ನೋಡಿದರು, ತಿರುಗಿ ನನ್ನ ಕಡೆ, ಮತ್ತೆ ಬಾಗಿಲಿಗೆ. ಆಮೇಲೆ ಕೈ ಎದ್ದಿತು.

"ಗುರುಪಾದ ಬರೂದು ಬ್ಯಾಡೇನ್ರಿ?" ಎಂದೆ. ಕೈ ಇನ್ನೂ ಜೋರಾಗಿ ಬೀಸಿತು, ಕಣ್ಣಲ್ಲಿ ನೀರು ತುಂಬಿತು. "ಕರಸೂಣೇನ್ರಿ?" ಎಂದೆ. ಕೈ ಇಳಿಯಿತು. ಇಳಿದದ್ದು ನನ್ನ ಮುಂಗೈ ಹಿಡಿದು ಬಿಡಲೇ ಇಲ್ಲ ಗುರುಪಾದ. ನುಚ್ಚು ಆರಿ ಗಟ್ಟಿಯಾಗುವವರೆಗೂ ನಾನು ಹಾಗೆಯೇ ಕೂತಿದ್ದೆ. ನಾವೆಲ್ಲ ಬರೀ ಕೈ ನೋಡಿದೆವು. ನೀನು ಬರೀ ಮುಖ ನೋಡಿದೆ. ಹೋಗು ಎಂದದ್ದಲ್ಲಪ್ಪಾ ಅದು, ನಿನ್ನನ್ನು ಕರೆದುಕೊಂಡು ಬರಲು ನಮ್ಮನ್ನು ಅಟ್ಟುತ್ತಿದ್ದದ್ದು.

ನಿಮ್ಮಣ್ಣ ಮೊದಲು "ನೀ ಅಪ್ಪನ ಮಾರಿ ನೋಡಿ ಮಾತಾಡಿದ್ಯಾ?" ಎಂದು ಹುಬ್ಬು ಗಂಟಿಕ್ಕಿದರು. ಆಮೇಲೆ ತಾವೇ ಎದುರು ಕೂತು ಕೇಳಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದರು. ಅವರದೂ ಬಾ ಎಂದೇ ಮಾತು. ಕವಿತಾಳಿಗೆ ನನ್ನ ಪ್ರೀತಿ ತಿಳಿಸು. ಶಿವ ನಿಮ್ಮಿಬ್ಬರನ್ನೂ ಚಲೋ ಇಟ್ಟಿರಲಿ.

ನಿನ್ನ ವೈನಿ
ಅನ್ನಪೂರ್ಣೇಶ್ವರಿ

ತಾ.ಕ.: ಸೋಮವಾರ ಮುಂಜಾನೆ ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಎದ್ದಾಗಿನಿಂದ ಆ ಎಡಗೈಯೂ ಏಳುತ್ತಿಲ್ಲ. ಡಾಕ್ಟರು ಬಂದು ನೋಡಿ, ಮಗನನ್ನು ಲಗೂ ಕರೆಸಿ ಎಂದರು. ಅಂಚೆಗೆ ಹಾಕದೆ ಇದನ್ನು ನರಗುಂದಕ್ಕೆ ಉಳ್ಳಾಗಡ್ಡಿ ಒಯ್ಯುವ ಟೆಂಪೋದ ಜಾಕೀರನ ಕೈಯಲ್ಲಿ ಕಳಿಸಿದ್ದೇನೆ. ಉತ್ತರ ಬರೆಯಬೇಡ, ಅದೇ ಗಾಡಿ ಹತ್ತಿ ಇಬ್ಬರೂ ಬನ್ನಿ. ಕಣ್ಣು ಇನ್ನೂ ಬಾಗಿಲಲ್ಲೇ ಇದೆ.